ಪ್ರತಿಯ ಪ್ರಾಮಾಣ್ಯ

ಗದಗ ಜಿಲ್ಲೆಯ ನರಗುಂದ ತಾಲ್ಲೂಕಿನಲ್ಲಿ ಕೊಣ್ಣೂರೆಂಬ ಊರುಂಟು. ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷನು ತನ್ನ ಸೇನಾನಿ ಬಂಕೇಯನ ಪ್ರಾರ್ಥನೆಯಂತೆ, ಆತನು ಕಟ್ಟಿಸಿದ ಜಿನಾಲಯಕ್ಕೆ ಶಕವರ್ಷ 782ರಲ್ಲಿ, ಎಂದರೆ ಕ್ರಿ.ಶ. 860ರಲ್ಲಿ, ದತ್ತಿಯನ್ನು ಬಿಟ್ಟ ಸಂಗತಿಯನ್ನು ಅಲ್ಲಿಯ ಒಂದು ಸಂಸ್ಕೃತ ಶಿಲಾಶಾಸನವು ನಿರೂಪಿಸುತ್ತದೆ. ಈ ಬಂಕೇಯನೇ ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿಗೆ ಸೇರಿದ ಬಂಕಾಪುರಕ್ಕೆ ತನ್ನ ಹೆಸರನ್ನಿತ್ತವನು. ಆದರೆ ಕೊಣ್ಣೂರಿನ ಆ ಕಲ್ಲು ಅಮೋಘವರ್ಷನ ಕಾಲದ್ದಲ್ಲ. ತಾಮ್ರಪಟದ ಮೇಲಿದ್ದ ದಾನಪತ್ರವನ್ನು ಬಹುಕಾಲ ಕಳೆದ ಮೇಲೆ ವೀರನಂದಿ ಮುನಿಯು ಶಿಲೆಯ ಮೇಲೆ ಬರೆಯಿಸಿದನೆಂದು ಶಾಸನವೇ ತನ್ನ ಕೊನೆಯ ಭಾಗದಲ್ಲಿ ಹೇಳಿಕೊಳ್ಳುತ್ತದೆ, ಮತ್ತು ವಿದ್ವಾಂಸರು ಆ ಕಾರ್ಯವನ್ನು ಹನ್ನೆರಡನೆಯ ಶತಮಾನದ್ದೆಂದು ಎಣಿಸುತ್ತಾರೆ. ಇದನ್ನು ಎಪಿಗ್ರಾಫಿಯಾ ಇಂಡಿಕಾದ ಆರನೆಯ ಸಂಪುಟದಲ್ಲಿ ಸಂಪಾದಿಸಿ ಪ್ರಕಟಿಸಿದ ಜರ್ಮನ್ ಪಂಡಿತ ಕೀಲ್‌ಹಾರ್ನನ ಮುಂದೆ ಇದ್ದುದು ಕಲ್ಲೊಂದೇ, ತಾಮ್ರಪಟವನ್ನು ಕಂಡವರಿಲ್ಲ. ಆದುದರಿಂದ ಶಿಲೆಯ ಪಾಠ ಮೂಲಕ್ಕೆ ಎಷ್ಟರಮಟ್ಟಿಗೆ ನಿಷ್ಠವಾಗಿದೆ, ನಕಲು ಮಾಡಿಸಿದವರ ಕಾಲದ ಮಾತು ಅದರೊಳಗೆ ಎಷ್ಟು ಬೆರೆತಿದೆ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ಮುಗಿಯುವಂತೆಯೂ ಇಲ್ಲ, ಏಕೆಂದರೆ ಹೋಲಿಸಿ ನೋಡಲು ಇನ್ನೊಂದಿಲ್ಲ.

ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ಬರೆಹವನ್ನು ಸಾಗಿಸುವ ಈ ಕಾರ್ಯವನ್ನು ಇಂದು ನಾವು ದಿನಕ್ಕೆ ಹತ್ತು ಸಲ, ಯಾವ ಮುನಿಯ ಸಹಾಯವೂ ಇಲ್ಲದೆ, ಬೆರಳ ತುದಿಯಿಂದ ಮಾಡುತ್ತಿದ್ದೇವೆ. ಮನೆಯ ಗಣಕದಲ್ಲಿ ಬರೆದ ಕಾದಂಬರಿಯನ್ನು ಕಚೇರಿಯ ಗಣಕಕ್ಕೂ, ಅಲ್ಲಿಂದ ಮುದ್ರಣಾಲಯದ ಗಣಕಕ್ಕೂ ಒಯ್ಯುವಾಗ ನಡೆಯುವುದು ವೀರನಂದಿ ಮಾಡಿಸಿದ ಕೆಲಸವೇ. ಆ ಕೆಲಸದ ಒಳಗೆ ಭೌತವಿಜ್ಞಾನವೂ ಗಣಿತವೂ ಲಿಪಿಶಾಸ್ತ್ರವೂ ಹೇಗೆ ಹೆಣೆದುಕೊಂಡಿವೆಯೆಂಬುದನ್ನು ಈ ಅಧ್ಯಾಯದಲ್ಲಿ ವಿಚಾರಿಸಬೇಕಾಗಿದೆ. ನನ್ನ ಅಭಿಪ್ರಾಯವನ್ನು ಆರಂಭದಲ್ಲಿಯೇ ಹೇಳಿಬಿಡುತ್ತೇನೆ: ಮೂಲದೊಡನೆ ತಾಳೆ ನೋಡದ ನಕಲನ್ನು, ತೆರೆದು ಓದದ ನಕಲನ್ನು, ಪ್ರತಿಯೆಂದು ಎಣಿಸತಕ್ಕದ್ದಲ್ಲ.

ಬಂಕೇಯನ ಹೆಸರನ್ನು ಹೊತ್ತ ಬಂಕಾಪುರವನ್ನೂ ದೃಷ್ಟಾಂತಕ್ಕಾಗಿ ಆರಿಸಿಕೊಳ್ಳಲು ಒಂದು ಕಾರಣವುಂಟು. ಒಂದು ದೊಡ್ಡ ಬರೆಹದ ಯೋಜನೆ ಕೈಯಿಂದ ಕೈಗೆ ದಾಟಿ ಕೊನೆಮುಟ್ಟಿದ ಕಥೆ ಈ ಊರಿನೊಡನೆ ಸೇರಿಕೊಂಡಿದೆ. ಷಟ್ಖಂಡಾಗಮವೆಂಬ ಜೈನ ಆಗಮಗ್ರಂಥದ ಮೇಲೆ ಧವಲಾ ಎಂಬ ಬೃಹದ್ವ್ಯಾಖ್ಯಾನವನ್ನು ರಚಿಸಿದ ವೀರಸೇನಾಚಾರ್ಯರು ಜಯಧವಲಾ ಎಂಬ ಎರಡನೆಯ ವ್ಯಾಖ್ಯಾನವನ್ನು ಇಪ್ಪತ್ತು ಸಾವಿರ ಗ್ರಂಥಗಳವರೆಗೆ ಬರೆದು ದಿವಂಗತರಾಗಲು, ಶಿಷ್ಯರಾದ ಜಿನಸೇನರು ಉಳಿದ ನಲವತ್ತು ಸಾವಿರವನ್ನು ಬರೆದು ಕ್ರಿ.ಶ. 837ರಲ್ಲಿ ಮುಗಿಸಿದರು. ಆ ಜಿನಸೇನರು ಮಹಾಪುರಾಣವನ್ನು ಕೈಗೊಂಡು, ಆದಿಪುರಾಣದ ನಲವತ್ತೆರಡು ಪರ್ವಗಳನ್ನೂ ನಲವತ್ತಮೂರನೆಯ ಪರ್ವದ ಮೂರು ಶ್ಲೋಕಗಳನ್ನೂ ಬರೆಯುವಷ್ಟರಲ್ಲಿ ತೀರಿಕೊಳ್ಳಲು, ಅವರ ಶಿಷ್ಯ ಗುಣಭದ್ರರು ನಾಲ್ಕನೆಯ ಶ್ಲೋಕದಿಂದ ಮುಂದುವರಿಸಿದರು. ಹಾಗೆ ಪೂರ್ಣಗೊಂಡ ಉತ್ತರಪುರಾಣದ ಪೂಜೆ, ಗುಣಭದ್ರರ ಶಿಷ್ಯರಾದ ಲೋಕಸೇನರ ಕಾಲಕ್ಕೆ, ಬಂಕೇಯನ ಮಗನಾದ ಲೋಕಾದಿತ್ಯನು ಬಂಕಾಪುರದಿಂದ ವನವಾಸಿ ನಾಡನ್ನು ಆಳುತ್ತಿದ್ದಾಗ, ಶಕವರ್ಷ 820ರಲ್ಲಿ, ಎಂದರೆ 898ರಲ್ಲಿ ನೆರವೇರಿತೆಂದು ಅದರ ಪ್ರಶಸ್ತಿ ತಿಳಿಸುತ್ತದೆ. ಒಬ್ಬ ಲೇಖಕ ನಿಲ್ಲಿಸಿದ ಶ್ಲೋಕ ಯಾವುದೆಂಬುದು ಸಾವಿರದ ನೂರು ವರ್ಷಗಳ ಮೇಲೆಯೂ ನಮಗೆ ಗೊತ್ತಿರುವುದು ಸಾಮಾನ್ಯ ಸಂಗತಿಯಲ್ಲ. ನಿನ್ನೆಯ ಕಡತ ಯಾವುದು, ಮೊನ್ನೆಯದು ಯಾವುದೆಂದು ತಿಳಿಯದೆ ‘ಅಂತಿಮ’, ‘ಹೊಸ ಅಂತಿಮ’, ‘ಇದೇ ಅಂತಿಮ’ ಎಂಬ ಹೆಸರುಗಳ ನಡುವೆ ತಡಕಾಡುವ ಇಂದಿನ ಲೇಖಕರು ಗುಣಭದ್ರರನ್ನು ಒಮ್ಮೆ ನೆನೆಯುವುದು ಯುಕ್ತ.

ಇಲ್ಲಿ ‘ಗ್ರಂಥ’ವೆಂಬುದು ಒಂದು ಅಳತೆ. ಅನುಷ್ಟುಪ್ ಶ್ಲೋಕವೊಂದರಲ್ಲಿ ಮೂವತ್ತೆರಡು ಅಕ್ಷರಗಳಿರುವುದರಿಂದ, ಗದ್ಯವಾದರೂ ಮೂವತ್ತೆರಡು ಅಕ್ಷರಗಳಿಗೆ ಒಂದು ಗ್ರಂಥವೆಂದು ಲೆಕ್ಕ ಹಾಕುವುದು ಲಿಪಿಕಾರರ ಪದ್ಧತಿ. ಪ್ರತಿ ಮಾಡುವವನಿಗೆ ಕೂಲಿ ಕೊಡಲು ಮಾತ್ರವಲ್ಲ, ಮಾಡಿದ ಪ್ರತಿಯಲ್ಲಿ ಕಡಮೆಯಾಗಿದೆಯೇ ಎಂದು ನೋಡಲು ಸಹ ಈ ಎಣಿಕೆ ಒದಗುತ್ತಿದ್ದಿತು. ಧವಲೆಯ ಪರಿಮಾಣ ಎಪ್ಪತ್ತೆರಡು ಸಾವಿರ ಗ್ರಂಥವೆಂಬುದು ಸಂಪ್ರದಾಯ. ಎಂದರೆ ಇಪ್ಪತ್ತಮೂರು ಲಕ್ಷಕ್ಕೂ ಮಿಕ್ಕ ಅಕ್ಷರಗಳು. ಇದನ್ನು ಇಂದಿನ ಯೂನಿಕೋಡ್ ಪದ್ಧತಿಯಲ್ಲಿ ಗಣಕಕ್ಕೆ ಊಡಿದರೆ ಎಷ್ಟು ಸ್ಥಳ ಹಿಡಿಯುತ್ತದೆಂದು ಲೆಕ್ಕ ಹಾಕೋಣ. ‘ಬಂಕಾಪುರ’ ಎಂಬ ಶಬ್ದವನ್ನೇ ತೆಗೆದುಕೊಂಡರೆ, ಕಣ್ಣಿಗೆ ಕಾಣುವ ಅಕ್ಷರಗಳು ನಾಲ್ಕಾದರೂ ಗಣಕಕ್ಕೆ ಅವು ಏಳು: ಬ, ಅನುಸ್ವಾರ, ಕ, ಆಕಾರದ ಚಿಹ್ನೆ, ಪ, ಉಕಾರದ ಚಿಹ್ನೆ, ರ. ಯುಟಿಎಫ್-8 ಎಂಬ ರೂಢಿಯ ಕ್ರಮದಲ್ಲಿ ಇವುಗಳಲ್ಲಿ ಒಂದೊಂದಕ್ಕೂ ಮೂರು ಬೈಟುಗಳಂತೆ ಒಟ್ಟು ಇಪ್ಪತ್ತೊಂದು ಬೈಟು, ಎಂದರೆ 168 ಸೊನ್ನೆ-ಒಂದುಗಳು (ಬಿಟ್‌ಗಳು) ಬೇಕು. ಅಕ್ಷರವೊಂದಕ್ಕೆ ಸರಾಸರಿ ಆರು ಬೈಟುಗಳೆಂದು ಹಿಡಿದರೆ ಧವಲೆ ಸಮಗ್ರವಾಗಿ ಹದಿನಾಲ್ಕು ಮೆಗಾಬೈಟುಗಳಷ್ಟಾಗುತ್ತದೆ. ಹೆಬ್ಬೆರಳಿನಷ್ಟು ಗಾತ್ರದ 32 ಗಿಗಾಬೈಟಿನ ಪೆನ್‌ಡ್ರೈವಿನಲ್ಲಿ ಅಂಥ ಎರಡು ಸಾವಿರ ಧವಲೆಗಳನ್ನು ಇರಿಸಿ ಇನ್ನೂ ಜಾಗವನ್ನು ಉಳಿಸಬಹುದು. ಲೇಖಕನು ತನ್ನ ಕೃತಿಯ ಪ್ರತಿ ಮಾಡಿಡದಿರುವುದಕ್ಕೆ ಸ್ಥಳಾಭಾವವನ್ನು ಕಾರಣವಾಗಿ ಹೇಳುವ ಕಾಲ ಕಳೆದುಹೋಗಿದೆ.

ಆ ಪೆನ್‌ಡ್ರೈವಿನ ಒಳಗೆ ಅಕ್ಷರಗಳು ಇರುವುದಾದರೂ ಹೇಗೆ? ಜಪಾನಿನ ತೋಷಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುಒಕ 1984ರಲ್ಲಿ ಲೋಕಕ್ಕೆ ತಿಳಿಸಿದ ಫ್ಲ್ಯಾಷ್ ಸ್ಮೃತಿಯಲ್ಲಿ, ವಿದ್ಯುತ್ತನ್ನು ಹರಿಯಗೊಡದ ಅತಿ ತೆಳುವಾದ ಪೊರೆಯ ಹಿಂದೆ ಇಲೆಕ್ಟ್ರಾನುಗಳನ್ನು ಸೆರೆಹಿಡಿದು ನಿಲ್ಲಿಸುತ್ತಾರೆ. ಒಂದು ಕೋಶದಲ್ಲಿ ಅವು ಇವೆಯೋ ಇಲ್ಲವೋ, ಇದ್ದರೆ ಎಷ್ಟಿವೆ ಎಂಬುದೇ ಸೊನ್ನೆ-ಒಂದುಗಳ ಆಧಾರ. ಸೆರೆ ಬಲವಾದುದಾದರೂ ಶಾಶ್ವತವಲ್ಲ. ಇಲೆಕ್ಟ್ರಾನುಗಳು ಕಾಲಕ್ರಮದಲ್ಲಿ ಸೋರಿಹೋಗುತ್ತವೆ, ಉಷ್ಣತೆ ಹೆಚ್ಚಿದಂತೆ ಬೇಗನೆ ಸೋರುತ್ತವೆ, ಬರೆದು ಅಳಿಸಿ ಸವೆದ ಪೊರೆಯಲ್ಲಿ ಇನ್ನೂ ಬೇಗನೆ. ಗೃಹಬಳಕೆಯ ಫ್ಲ್ಯಾಷ್ ಡಿಸ್ಕುಗಳಿಗೆ ಜೆಡೆಕ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆ ವಿಧಿಸಿರುವ ಮಾನದಂಡವು, ಬರೆಯುವ ಶಕ್ತಿಯನ್ನೆಲ್ಲ ಬಳಸಿ ಮುಗಿಸಿದ ಡಿಸ್ಕು ವಿದ್ಯುತ್ ಸಂಪರ್ಕವಿಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಮಾತ್ರ ಬರೆಹವನ್ನು ಉಳಿಸಿಕೊಳ್ಳಬೇಕೆಂದು ಕೇಳುತ್ತದೆ. ಹೊಸ ಡಿಸ್ಕು ಇದಕ್ಕಿಂತ ಬಹುಕಾಲ ಬಾಳುತ್ತದೆ, ನಿಜ; ಆದರೆ ಮಾರ್ಚ್-ಏಪ್ರಿಲ್ ತಿಂಗಳುಗಳಲ್ಲಿ ನಮ್ಮ ಬಯಲುಸೀಮೆಯ ಹಂಚಿನ ಮನೆಯ ಬೀರುವಿನೊಳಗೆ 30 ಡಿಗ್ರಿ ಎಂಬುದು ಬೆಳಗಿನ ಜಾವದ ಮಾತು. ತಾಳೆಗರಿಗೆ ಗೆದ್ದಲು ಶತ್ರುವಾಗಿದ್ದಂತೆ ಇದಕ್ಕೆ ಬಿಸಿಲು ಶತ್ರು. ಹಳೆಯ ಪೆನ್‌ಡ್ರೈವನ್ನು ಆಗಾಗ ಗಣಕಕ್ಕೆ ಸಿಕ್ಕಿಸಿ, ಅದರೊಳಗಿನದನ್ನು ಹೊಸದೊಂದಕ್ಕೆ ನಕಲು ಮಾಡುತ್ತಿರಬೇಕೆಂಬುದಕ್ಕೆ ಇದೇ ಕಾರಣ.

ಪೆನ್‌ಡ್ರೈವನ್ನು ಥಟ್ಟನೆ ಕಿತ್ತುಕೊಳ್ಳಬಾರದೆಂಬ ಎಚ್ಚರಿಕೆಯ ಹಿಂದಿರುವ ಕಾರಣವೂ ಇಲ್ಲಿಯೇ ತಿಳಿಯಬಹುದು. ಗಣಕವು ವೇಗವನ್ನು ಗಳಿಸಲೋಸುಗ, ಬರೆಯಬೇಕಾದುದನ್ನು ತನ್ನ ಸ್ವಂತ ಸ್ಮೃತಿಯಲ್ಲಿ ಕೆಲಕಾಲ ಇರಿಸಿಕೊಂಡು ಅನುಕೂಲವಾದಾಗ ಬರೆಯುವುದುಂಟು. ಇದಲ್ಲದೆ ಕಡತದ ಒಡಲು ಒಂದು ಕಡೆ, ಅದು ಎಲ್ಲಿದೆಯೆಂದು ತಿಳಿಸುವ ಸೂಚಿ ಇನ್ನೊಂದು ಕಡೆ ಇರುತ್ತದೆ. ಒಡಲು ಬರೆದು ಸೂಚಿಯನ್ನು ಬರೆಯುವ ಮೊದಲೇ ಕಿತ್ತುಕೊಂಡರೆ ಕಾದಂಬರಿ ಡ್ರೈವಿನ ಒಳಗೇ ಇದ್ದೂ ಯಾರಿಗೂ ಸಿಕ್ಕದು. ‘ಇಜೆಕ್ಟ್’ ಎಂಬ ಆಜ್ಞೆಯನ್ನು ಕೊಟ್ಟು ಕ್ಷಣಕಾಲ ಕಾಯುವುದೆಂದರೆ ಲಿಪಿಕಾರನು ಕಂಠವನ್ನು (ಓಲೆಯ ಮೇಲೆ ಕೊರೆಯುವ ಲೇಖನಿಯನ್ನು) ಕೆಳಗಿಡುವವರೆಗೆ ಕಾಯುವುದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಪ್ರತಿಯು ಮೂಲದಂತೆಯೇ ಇದೆಯೆಂದು ತಿಳಿಯುವುದು ಹೇಗೆ? ಅಕ್ಷರಕ್ಕೆ ಅಕ್ಷರವಿಟ್ಟು ಓದಿ ನೋಡುವುದು ಸರಳವಾದ ಮಾರ್ಗ. ಇಪ್ಪತ್ತಮೂರು ಲಕ್ಷ ಅಕ್ಷರಗಳಿದ್ದಾಗ ಅದು ಸರಳವಲ್ಲ. ಆದುದರಿಂದ ಬರೆಹದ ಒಳಗೇ ಅದರ ಕಾವಲನ್ನು ಇರಿಸುವ ಉಪಾಯವನ್ನು ಮನುಷ್ಯನು ಬಹು ಹಿಂದೆಯೇ ಕಂಡುಕೊಂಡಿದ್ದಾನೆ. ವೇದಪಾಠಿಗಳು ಒಂದೇ ಮಂತ್ರವನ್ನು ಪದ, ಕ್ರಮ, ಜಟಾ, ಘನ ಎಂದು ನಾನಾ ರೀತಿಯಲ್ಲಿ ಹಿಂದುಮುಂದಾಗಿ ಹೆಣೆದು ಹೇಳುವುದರ ಫಲವಾಗಿ ಒಂದು ಪಾಠದಲ್ಲಿ ತಪ್ಪಿದುದು ಇನ್ನೊಂದರಲ್ಲಿ ಸಿಕ್ಕಿಬೀಳುತ್ತದೆ. ನಮ್ಮ ಕನ್ನಡ ಕವಿಗಳ ಛಂದಸ್ಸು ಕೂಡ, ಅದು ಅವರ ಉದ್ದೇಶವಾಗಿರಲಿಲ್ಲವಾದರೂ, ಅಂಥ ಕಾವಲೇ. ಕಂದಪದ್ಯವನ್ನು ನೋಡಿರಿ: ಒಂದು ಮತ್ತು ಮೂರನೆಯ ಪಾದಗಳಲ್ಲಿ ಹನ್ನೆರಡು, ಎರಡು ಮತ್ತು ನಾಲ್ಕನೆಯ ಪಾದಗಳಲ್ಲಿ ಇಪ್ಪತ್ತು, ಒಟ್ಟು ಅರವತ್ತನಾಲ್ಕು ಮಾತ್ರೆಗಳು, ಜೊತೆಗೆ ನಾಲ್ಕು ಪಾದಗಳಲ್ಲಿಯೂ ಎರಡನೆಯ ಅಕ್ಷರಕ್ಕೆ ಪ್ರಾಸದ ನಿಯಮ. ಲಿಪಿಕಾರನು ತೂಕಡಿಸಿ ಒಂದು ಅಕ್ಷರವನ್ನು ಬಿಟ್ಟರೆ ಮಾತ್ರೆ ಸಾಲದು, ದೀರ್ಘವನ್ನು ಹ್ರಸ್ವ ಮಾಡಿದರೂ ಸಾಲದು, ಎರಡನೆಯ ಅಕ್ಷರವನ್ನು ಬದಲಿಸಿದರೆ ಪ್ರಾಸ ಕೂಡದು. ಬಂಕಾಪುರದ ಹತ್ತಿರದ ಬಾಡದಲ್ಲಿ ಹುಟ್ಟಿದ ಕನಕದಾಸರು ನಳಚರಿತ್ರೆಯಲ್ಲಿ ಬಳಸಿದ ಭಾಮಿನೀ ಷಟ್ಪದಿಯಲ್ಲಿ ಪದ್ಯವೊಂದಕ್ಕೆ ನೂರ ಎರಡು ಮಾತ್ರೆಗಳು. ಹಳೆಯ ಪ್ರತಿಗಳಲ್ಲಿ ಎಷ್ಟೋ ತಪ್ಪುಗಳನ್ನು ನಮ್ಮ ಸಂಪಾದಕರು ಹಿಡಿದದ್ದು ಮಾತ್ರೆಯ ಎಣಿಕೆಯಿಂದಲೇ. ಪದ್ಯಗಳು ಗದ್ಯಕ್ಕಿಂತ ಶುದ್ಧವಾಗಿ ನಮ್ಮ ಕೈಸೇರಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಆದರೆ ಈ ಕಾವಲಿಗೆ ಒಂದು ಮಿತಿಯುಂಟು. ಎರಡು ಮಾತ್ರೆಯ ಶಬ್ದವೊಂದರ ಬದಲಿಗೆ ಎರಡು ಮಾತ್ರೆಯದೇ ಆದ ಇನ್ನೊಂದು ಶಬ್ದ ಬಂದು ಕುಳಿತರೆ ಛಂದಸ್ಸು ಮೌನವಾಗಿರುತ್ತದೆ. ಗಣಕಗಳಲ್ಲಿ ಮೊದಮೊದಲು ಬಳಸಿದ ಸಮ-ಬೆಸ ಪರೀಕ್ಷೆಗೂ ಇದೇ ಕೊರತೆ: ಸೊನ್ನೆ-ಒಂದುಗಳ ಒಂದು ಸಾಲಿಗೆ, ಒಂದುಗಳ ಸಂಖ್ಯೆ ಸದಾ ಸಮವಾಗುವಂತೆ ಒಂದು ಹೆಚ್ಚಿನ ಅಂಕಿಯನ್ನು ಸೇರಿಸಿದರೆ, ಒಂದು ಅಂಕಿ ಕೆಟ್ಟಾಗ ತಿಳಿಯುತ್ತದೆ, ಎರಡು ಕೆಟ್ಟರೆ ಒಂದರ ತಪ್ಪನ್ನು ಇನ್ನೊಂದು ಮುಚ್ಚಿಹಾಕುತ್ತದೆ. ಅಮೆರಿಕೆಯ ಬೆಲ್ ಪ್ರಯೋಗಾಲಯದಲ್ಲಿದ್ದ ರಿಚರ್ಡ್ ಹ್ಯಾಮಿಂಗ್, ವಾರದ ಕೊನೆಯಲ್ಲಿ ತಾನು ಹಚ್ಚಿಟ್ಟುಹೋದ ಲೆಕ್ಕವನ್ನು ಯಂತ್ರವು ದೋಷ ಕಂಡೊಡನೆ ಕೈಬಿಡುತ್ತಿದ್ದುದರಿಂದ ಬೇಸತ್ತು, ದೋಷವಿದೆಯೆಂದು ತಿಳಿಯಬಲ್ಲ ಯಂತ್ರ ಅದು ಎಲ್ಲಿದೆಯೆಂದು ತಿಳಿದು ತಿದ್ದಲಾರದೇಕೆ ಎಂದು ಯೋಚಿಸಿ, 1950ರಲ್ಲಿ ಪ್ರಕಟಿಸಿದ ಸಂಕೇತಗಳು ಈ ಶಾಸ್ತ್ರಕ್ಕೆ ತಳಹದಿಯಾದುವು. ಇಂದು ನಮ್ಮ ಪೆನ್‌ಡ್ರೈವಿನ ಒಳಗೆ, ನಮಗೆ ತಿಳಿಯದಂತೆ, ಅವುಗಳ ಸಂತತಿಯು ಓದುವಾಗಲೆಲ್ಲ ಸೋರಿದ ಇಲೆಕ್ಟ್ರಾನುಗಳ ತಪ್ಪನ್ನು ತಿದ್ದುತ್ತಿರುತ್ತದೆ.

ಇಡೀ ಕಡತಕ್ಕೆ ಅನ್ವಯಿಸುವ ಕಾವಲೆಂದರೆ ‘ಹ್ಯಾಶ್’. ಕಡತವು ಒಂದು ಪುಟದ್ದಿರಲಿ, ಧವಲೆಯಷ್ಟಿರಲಿ, ಅದರೊಳಗಿನ ಎಲ್ಲ ಬಿಟ್‌ಗಳನ್ನೂ ಗೊತ್ತಾದ ಕ್ರಮದಲ್ಲಿ ಕಲಸಿ ಮಥಿಸಿ, ಒಂದೇ ಅಳತೆಯ ಒಂದು ಸಂಖ್ಯೆಯನ್ನು ಇದು ಹೊರತೆಗೆಯುತ್ತದೆ. ಎಸ್‌ಎಚ್‌ಎ-256 ಎಂಬ ಕ್ರಮದಲ್ಲಿ ಆ ಸಂಖ್ಯೆಯ ಉದ್ದ 256 ಬಿಟ್‌ಗಳು. ಹದಿನಾರರ ಮಾನದಲ್ಲಿ ಬರೆದರೆ ಅರವತ್ತನಾಲ್ಕು ಅಂಕಿಗಳು. (ಕಂದದ ಮಾತ್ರೆಗಳೂ ಅರವತ್ತನಾಲ್ಕೇ. ಇದು ಕಾಕತಾಳೀಯ, ಇದರಿಂದ ನಮ್ಮ ಪೂರ್ವಿಕರಿಗೆ ಗಣಕ ಗೊತ್ತಿತ್ತೆಂದು ಯಾರೂ ಹೊರಡಬಾರದು.) ಕಾದಂಬರಿಯ ನಾಲ್ಕುನೂರು ಪುಟಗಳಲ್ಲಿ ಒಂದು ಅಲ್ಪವಿರಾಮ ಬದಲಾದರೂ ಆ 256ರಲ್ಲಿ ಸುಮಾರು ಅರ್ಧದಷ್ಟು ಬಿಟ್‌ಗಳು ತಿರುಗಿ ನಿಂತು ಸಂಖ್ಯೆ ಗುರುತು ಸಿಕ್ಕದಷ್ಟು ಬೇರೆಯಾಗುತ್ತದೆ. ಸಾಧ್ಯವಿರುವ ಸಂಖ್ಯೆಗಳು ಎಷ್ಟೆಂದರೆ, ಅವುಗಳ ಎಣಿಕೆಯನ್ನು ದಶಮಾನದಲ್ಲಿ ಬರೆಯಲು ಎಪ್ಪತ್ತೆಂಟು ಅಂಕಿಗಳು ಬೇಕು. ಆದುದರಿಂದ ಎರಡು ಬೇರೆ ಬೇರೆ ಕಡತಗಳಿಗೆ ಆಕಸ್ಮಿಕವಾಗಿ ಒಂದೇ ಹ್ಯಾಶ್ ಬರುವುದೆಂಬ ಭಯವನ್ನು ವ್ಯವಹಾರದಲ್ಲಿ ಬಿಡಬಹುದು. ಮೂಲದ ಹ್ಯಾಶನ್ನು ಒಂದು ಗಣಕದಲ್ಲಿಯೂ ಪ್ರತಿಯದನ್ನು ಇನ್ನೊಂದರಲ್ಲಿಯೂ ತೆಗೆದು ಹೋಲಿಸುವುದು ಒಂದೆರಡು ನಿಮಿಷದ ಕೆಲಸ. ಅದಕ್ಕೆ ಬೇಕಾದ ಉಪಕರಣ ವಿಂಡೋಸಿನಲ್ಲಿಯೂ ಲಿನಕ್ಸಿನಲ್ಲಿಯೂ ಮೊದಲೇ ಇದೆ.

ಇಂಥ ಸಾಧನವಿಲ್ಲದೆ, ಪ್ರತಿಯ ಪ್ರತಿಯನ್ನು ನಂಬಿ ನಡೆದರೆ ಏನಾಗಬಹುದೆಂಬುದಕ್ಕೆ ಧವಲೆಯ ಚರಿತ್ರೆಯೇ ನಿದರ್ಶನ. ಶತಮಾನಗಳವರೆಗೆ ಈ ಗ್ರಂಥದ ತಾಳೆಯೋಲೆಗಳು, ಹಳಗನ್ನಡ ಲಿಪಿಯಲ್ಲಿ, ಮೂಡುಬಿದಿರೆಯಲ್ಲಿ ಮಾತ್ರ ಉಳಿದಿದ್ದುವು. ಯಾತ್ರಿಕರು ದೂರದಿಂದ ದರ್ಶನ ಮಾಡಿ ಹೋಗುತ್ತಿದ್ದರೇ ಹೊರತು ಓದಿದವರಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವನ್ನು ನಕಲು ಮಾಡುವ ಕಾರ್ಯ ಆರಂಭವಾಗಿ ದಶಕಗಳ ಕಾಲ ನಡೆಯಿತು. ಪ್ರತಿಯು ಮೂಡುಬಿದಿರೆಯಿಂದ ಹೊರಗೆ ಹೋಗಕೂಡದೆಂಬ ಕಟ್ಟಳೆಯಿದ್ದರೂ, ನಕಲಿಗೆ ನಿಯುಕ್ತರಾಗಿದ್ದ ಗಜಪತಿ ಉಪಾಧ್ಯಾಯರು ತಮ್ಮ ಪತ್ನಿಯ ಸಹಾಯದಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಸಿದ್ಧಪಡಿಸಿಕೊಂಡರು. ಅದು ಹೊರಗೆ ಹೋಗಿ, ಅದರಿಂದ ದೇವನಾಗರಿ ಪ್ರತಿಗಳಾಗಿ, ಅವುಗಳ ಆಧಾರದ ಮೇಲೆ ಹೀರಾಲಾಲ್ ಜೈನರು 1939ರಲ್ಲಿ ಮೊದಲನೆಯ ಸಂಪುಟವನ್ನು ಅಮರಾವತಿಯಿಂದ ಪ್ರಕಟಿಸಿದರು. ಅವರ ಮುಂದಿದ್ದ ಪ್ರತಿಗಳಲ್ಲಿ ಷಟ್ಖಂಡಾಗಮದ ತೊಂಬತ್ತಮೂರನೆಯ ಸೂತ್ರದಲ್ಲಿ ‘ಸಂಜದ’ ಎಂಬ ಒಂದು ಪದವಿರಲಿಲ್ಲ. ಅರ್ಥಸಂಗತಿಯನ್ನು ನೋಡಿದರೆ ಅದು ಇರಲೇಬೇಕೆಂದು ಸಂಪಾದಕರು ಊಹಿಸಿ ಸೂಚಿಸಿದರು. ಸ್ತ್ರೀಯರಿಗೆ ಯಾವ ಮಟ್ಟದ ಸಂಯಮ ಸಾಧ್ಯವೆಂಬ ಸಿದ್ಧಾಂತದ ಪ್ರಶ್ನೆಯೇ ಆ ಒಂದು ಪದವನ್ನು ಅವಲಂಬಿಸಿದ್ದುದರಿಂದ ಪಂಡಿತರಲ್ಲಿ ದೊಡ್ಡ ವಿವಾದವೆದ್ದಿತು. ಕೊನೆಗೆ ಮೂಡುಬಿದಿರೆಯ ಓಲೆಗಳನ್ನೇ ತೆರೆದು ನೋಡಿದಾಗ ಪದವು ಅಲ್ಲಿದ್ದಿತು. ನಕಲಿನ ದಾರಿಯಲ್ಲಿ ಎಲ್ಲಿಯೋ ಜಾರಿಬಿದ್ದಿತ್ತು. ಸೂತ್ರಕ್ಕೆ ಕಂದದಂತೆ ಮಾತ್ರೆಯ ಕಾವಲಿಲ್ಲ. ಗಜಪತಿ ಉಪಾಧ್ಯಾಯರು ಕಟ್ಟಳೆಯನ್ನು ಮೀರಿದುದು ಸರಿಯೇ ಎಂಬ ಪ್ರಶ್ನೆಗೆ ಧರ್ಮಶಾಸ್ತ್ರಜ್ಞರು ಉತ್ತರಿಸಲಿ. ಒಂದೇ ಕೋಣೆಯಲ್ಲಿದ್ದ ಗ್ರಂಥಕ್ಕೆ ಎರಡನೆಯ ವಾಸಸ್ಥಾನವನ್ನು ಒದಗಿಸಿದವರೆಂದು ನಾನು ಅವರ ಪಕ್ಷ.

ಇಷ್ಟಾದ ಮೇಲೆಯೂ, ಹ್ಯಾಶ್ ಸರಿಬಂದರೆ ಕೆಲಸ ಮುಗಿಯಿತೆಂದು ಭಾವಿಸುವುದು ಕನ್ನಡದ ಲೇಖಕನಿಗೆ ಅಪಾಯಕರ. ಬಂಕಾಪುರದ ಒಬ್ಬ ಶಿಕ್ಷಕರು ತಮ್ಮ ಊರಿನ ಕೋಟೆ, ಅದರೊಳಗಣ ಅರವತ್ತು ಕಂಬದ ನಗರೇಶ್ವರ ಗುಡಿ, ಅಲ್ಲಿಯ ನವಿಲುಗಳು, ಇವುಗಳ ಮೇಲೆ ಒಂದು ಪುಸ್ತಕವನ್ನು ಇಪ್ಪತ್ತು ವರ್ಷಗಳಿಂದ ಬರೆಯುತ್ತ ಬಂದಿದ್ದಾರೆಂದು ಊಹಿಸಿರಿ. ಅವರು ಆರಂಭಿಸಿದಾಗ ಬಳಕೆಯಲ್ಲಿದ್ದುವು ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ ಸಿದ್ಧಪಡಿಸಿದ ‘ನುಡಿ’, ಮುದ್ರಣಾಲಯಗಳಲ್ಲಿ ‘ಶ್ರೀಲಿಪಿ’ ಮೊದಲಾದುವು. ಆ ಕಾಲದ ಫಾಂಟುಗಳು, ಗಣಕಕ್ಕೆ ಆಗ ತಿಳಿದಿದ್ದ ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ತುಣುಕುಗಳನ್ನು ಕುಳ್ಳಿರಿಸಿದ್ದುವು. ನುಡಿಯಲ್ಲಿ ‘ಕ’ ಎಂದು ಬರೆದರೆ ಕಡತದೊಳಗೆ ಬೀಳುವುದು 80 ಮತ್ತು 192 ಎಂಬ ಎರಡು ಸಂಖ್ಯೆಗಳು: ಮೊದಲನೆಯದು ಅಕ್ಷರದ ಒಡಲು, ಎರಡನೆಯದು ತಲೆಕಟ್ಟು. ಆದರೆ ಜಗತ್ತಿನ ಉಳಿದ ಗಣಕಗಳಿಗೆ 80 ಎಂದರೆ ರೋಮನ್ ‘ಪಿ’, 192 ಎಂದರೆ ಮೇಲೊಂದು ಗೀಟಿರುವ ಐರೋಪ್ಯ ‘ಎ’. ಯೂನಿಕೋಡಿನಲ್ಲಿಯಾದರೋ ಅದೇ ‘ಕ’ವು 224, 178, 149 ಎಂಬ ಮೂರು ಬೈಟುಗಳು. ಶಿಕ್ಷಕರು ತಮ್ಮ ಹಳೆಯ ಕಡತವನ್ನು ಹೊಸ ಗಣಕಕ್ಕೆ ಒಯ್ದು, ಹ್ಯಾಶನ್ನು ನೋಡಿ, ಒಂದು ಬಿಟ್ ಕೂಡ ಕೆಟ್ಟಿಲ್ಲವೆಂದು ಸಂತೋಷಪಟ್ಟು ತೆರೆದರೆ, ಪರದೆಯ ತುಂಬ ಯಾವ ದೇಶದ ಭಾಷೆಯೂ ಅಲ್ಲದ ರೋಮನ್ ಅಕ್ಷರಗಳ ಜಾತ್ರೆ! ಆ ಗಣಕದಲ್ಲಿ ಹಳೆಯ ಫಾಂಟು ಇಲ್ಲ, ಅಷ್ಟೇ. ಬಿಟ್‌ಗಳು ಬಂದುವು, ಅವನ್ನು ಓದುವ ಸಂಪ್ರದಾಯ ಹಿಂದೆಯೇ ಉಳಿಯಿತು.

ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳುಂಟು, ಮತ್ತು ಆ ಕೆಲಸವನ್ನು ಇಂದೇ ಮಾಡತಕ್ಕದ್ದು. ಆದರೆ ಪರಿವರ್ತಿಸಿದುದನ್ನು ಮನುಷ್ಯನೇ ಓದಬೇಕು, ಏಕೆಂದರೆ ಬೈಟುಗಳು ಬದಲಾಗಿರುವುದರಿಂದ ಇಲ್ಲಿ ಹ್ಯಾಶ್ ಉಪಯೋಗಕ್ಕೆ ಬಾರದು. ನೋಡಬೇಕಾದ ಸ್ಥಳಗಳು ಗೊತ್ತಾದುವು. ‘ಧರ್ಮ’, ‘ಕಾರ್ಯ’ ಮುಂತಾದ ಶಬ್ದಗಳಲ್ಲಿ ಅರ್ಕಾವತ್ತನ್ನು ಹಳೆಯ ಫಾಂಟುಗಳು ಕಣ್ಣಿಗೆ ಕಾಣುವಂತೆ ವ್ಯಂಜನದ ಅನಂತರ ಇರಿಸಿದರೆ, ಯೂನಿಕೋಡು ಉಚ್ಚಾರಣೆಯ ಕ್ರಮವನ್ನನುಸರಿಸಿ ರೇಫವನ್ನು ಮೊದಲು ಇಡುತ್ತದೆ. ಪರಿವರ್ತನೆಯಲ್ಲಿ ಅದು ಒಮ್ಮೊಮ್ಮೆ ಪಕ್ಕದ ಅಕ್ಷರಕ್ಕೆ ಹೋಗಿ ಕೂರುತ್ತದೆ. ದೀರ್ಘದ ಚಿಹ್ನೆಗಳು ಬೇರ್ಪಟ್ಟು ನಿಲ್ಲುತ್ತವೆ. ಶಾಸನಗಳ ಪಾಠವನ್ನು ಉದ್ಧರಿಸುವ ನಮ್ಮ ಶಿಕ್ಷಕರಂಥವರಿಗೆ ಹಳಗನ್ನಡದ ಱ ಮತ್ತು ೞ ಅಕ್ಷರಗಳು ವಿಶೇಷವಾಗಿ ತೊಂದರೆ ಕೊಡುತ್ತವೆ, ಏಕೆಂದರೆ ಅನೇಕ ಫಾಂಟುಗಳಲ್ಲಿ ಅವಕ್ಕೆ ಸ್ಥಾನವೇ ಇರಲಿಲ್ಲ. ಯೂನಿಕೋಡಿನವರು ೞಕಾರಕ್ಕೆ ಸ್ಥಾನವನ್ನಿತ್ತರೂ ಆರಂಭದಲ್ಲಿ ಅದನ್ನು ತಪ್ಪಾಗಿ ತಿಳಿದು ‘ಫ’ ಎಂದು ಹೆಸರಿಟ್ಟರು. ಒಮ್ಮೆ ಇಟ್ಟ ಹೆಸರನ್ನು ಎಂದಿಗೂ ಬದಲಿಸಬಾರದೆಂಬುದು ಅವರ ವ್ರತವಾದುದರಿಂದ ಪಂಪ ರನ್ನರ ಅಕ್ಷರವು ದಾಖಲೆಯಲ್ಲಿ ಇಂದಿಗೂ ಆ ಹೆಸರನ್ನೇ ಹೊತ್ತಿದೆ. ವ್ರತದ ಉದ್ದೇಶವೇನೋ ಒಳ್ಳೆಯದು: ಇಂದು ಬರೆದುದನ್ನು ನಾಳಿನ ಗಣಕವೂ ಹಾಗೆಯೇ ಓದಬೇಕು.

ಕಡತದ ರಚನೆಯ ಬಗ್ಗೆ ಒಂದೆರಡು ಮಾತು ಸಾಕು. ವರ್ಡ್‌ನ ಇಂದಿನ ಕಡತವು ಒಂದೇ ವಸ್ತುವಿನಂತೆ ತೋರಿದರೂ ವಾಸ್ತವವಾಗಿ ಅದು ಹಲವು ಚಿಕ್ಕ ಕಡತಗಳನ್ನು ಒತ್ತಿ ಕಟ್ಟಿದ ಜಿಪ್ ಗಂಟು. ಸ್ಕ್ರಿವ್ನರಿನಂಥ, ಪುಸ್ತಕ ಬರೆಯುವವರಿಗೆಂದೇ ಮಾಡಿದ ತಂತ್ರಾಂಶಗಳಲ್ಲಿ ಕೃತಿಯೆಂಬುದು ಬಿಡಿಯಾದ ನೂರಾರು ಕಡತಗಳಿರುವ ಒಂದು ಫೋಲ್ಡರು. ಅಧ್ಯಾಯಕ್ಕೊಂದು, ಟಿಪ್ಪಣಿಗೊಂದು, ಅವುಗಳ ಅನುಕ್ರಮವನ್ನು ತಿಳಿಸುವ ಸೂಚಿಯೊಂದು. ಅರ್ಧ ಮಾತ್ರ ಸಾಗಿ ಸಂಪರ್ಕ ಕಡಿದರೆ, ದಾರ ಕಳಚಿದ ಓಲೆಯ ಕಟ್ಟಿನ ಗತಿಯೇ ಅದಕ್ಕೆ ಒದಗುತ್ತದೆ. ತಂತ್ರಾಂಶವನ್ನು ಮೊದಲು ಮುಚ್ಚಿ, ಫೋಲ್ಡರನ್ನು ಜಿಪ್ ಮಾಡಿ, ಒಂದೇ ಕಡತವಾಗಿ ಒಯ್ಯುವುದು ಲೇಸು.

ಎರಡು ಗಣಕಗಳಲ್ಲಿಯೂ ಬರೆಯುವವರ ಸಂಗತಿ ಇನ್ನೂ ಸೂಕ್ಷ್ಮ. ಅಂತರ್ಜಾಲದ ಮೂಲಕ ಎರಡನ್ನೂ ಸಮನಾಗಿ ಇರಿಸುವ ವ್ಯವಸ್ಥೆಗಳು, ಬದಲಾದ ಭಾಗವನ್ನಷ್ಟೇ ಗುರುತಿಸಿ ಸಾಗಿಸುವ ವಿದ್ಯೆಯನ್ನು ಬಲ್ಲವು. ಆಸ್ಟ್ರೇಲಿಯದ ಆಂಡ್ರೂ ಟ್ರಿಜೆಲ್ ಮತ್ತು ಪಾಲ್ ಮೆಕರಸ್ 1996ರಲ್ಲಿ ಪ್ರಚುರಪಡಿಸಿದ ಆರ್‌ಸಿಂಕ್ ಇದಕ್ಕೆ ಮಾದರಿ. ಆದರೆ ಮನೆಯಲ್ಲಿ ಮೂರನೆಯ ಅಧ್ಯಾಯವನ್ನು ತಿದ್ದಿ, ಸಂಪರ್ಕವಿಲ್ಲದ ಶಾಲೆಯ ಗಣಕದಲ್ಲಿ ಅದೇ ಅಧ್ಯಾಯವನ್ನು ಬೇರೆ ರೀತಿಯಲ್ಲಿ ತಿದ್ದಿದರೆ ಯಾವುದು ಮೂಲ? ಯಂತ್ರಕ್ಕೆ ಗೊತ್ತಾಗುವುದು ವೇಳೆ ಮಾತ್ರ, ವಿವೇಕವಲ್ಲ. ಒಳ್ಳೆಯ ವ್ಯವಸ್ಥೆ ಎರಡನ್ನೂ ಉಳಿಸಿ ಲೇಖಕನ ಮುಂದಿಡುತ್ತದೆ. ಬಂಕಾಪುರವಿರುವ ಶಿಗ್ಗಾಂವಿ ತಾಲ್ಲೂಕಿನದೇ ಆದ ಶಿಶುವಿನಹಾಳದ ಷರೀಫರ ತತ್ತ್ವಪದಗಳು ಹಾಡುವವರ ಬಾಯಿಂದ ಬಾಯಿಗೆ ಸಾಗಿ, ಊರಿಗೊಂದು ಪಾಠವಾದಾಗ, ಸಂಪಾದಕರು ಒಂದನ್ನು ಆರಿಸಿ ಉಳಿದುವನ್ನು ಪಾಠಾಂತರವಾಗಿ ಅಡಿಟಿಪ್ಪಣಿಯಲ್ಲಿ ಕೊಡುವ ಕ್ರಮವೂ ಇದೇ. ಇನ್ನೊಂದು ಮಾತು: ಈ ಸಮೀಕರಣವನ್ನೇ ಬ್ಯಾಕಪ್ ಎಂದು ನಂಬಿದವರು ಅನೇಕರು. ಒಂದು ಕಡೆ ಅಳಿಸಿದುದು ಇನ್ನೊಂದು ಕಡೆಯೂ ಶ್ರದ್ಧೆಯಿಂದ ಅಳಿಸಿಹೋಗುತ್ತದೆಯೆಂಬುದನ್ನು ಅವರು ಮರೆಯುತ್ತಾರೆ.

ಹಾಗಾದರೆ ಎಷ್ಟು ಪ್ರತಿಗಳು, ಎಲ್ಲೆಲ್ಲಿ? ಈ ಪ್ರಶ್ನೆಗೆ ಕನ್ನಡ ನಾಡಿನಲ್ಲಿ ಹತ್ತನೆಯ ಶತಮಾನದಲ್ಲಿಯೇ ಒಬ್ಬ ಮಹಿಳೆ ಉತ್ತರ ಕೊಟ್ಟಿದ್ದಾಳೆ. 974ರ ಸುಮಾರಿಗೆ ಗಂಗರ ಮಾರಸಿಂಹನು ಬಂಕಾಪುರದಲ್ಲಿ ಯಾರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹಬಿಟ್ಟನೋ ಆ ಅಜಿತಸೇನಾಚಾರ್ಯರ ಶಿಷ್ಯನಾದ ರನ್ನನಿಗೆ ಆಶ್ರಯವಿತ್ತ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ. ಅಂದಿನ ಓಲೆಗಳು ಎಂದೋ ಮಣ್ಣಾದರೂ ಅವುಗಳ ಸಂತತಿ ನಿಂತು ಶಾಂತಿಪುರಾಣ ನಮ್ಮ ಕೈಸೇರಿತು. ಅದೇ ಪೊನ್ನನ ಭುವನೈಕರಾಮಾಭ್ಯುದಯಕ್ಕೆ ಅಂಥ ಅತ್ತಿಮಬ್ಬೆ ದೊರೆಯಲಿಲ್ಲ, ಅದು ಕಳೆದುಹೋಗಿದೆ. ರನ್ನನ ಪರಶುರಾಮಚರಿತವೂ ಇಲ್ಲ, ಕನಕದಾಸರ ನೃಸಿಂಹಸ್ತವವೂ ಇಲ್ಲ. ಕವಿತ್ವದ ತಾರತಮ್ಯದಿಂದ ಹೀಗಾಯಿತೆನ್ನುವಂತಿಲ್ಲ.

ಗಣಕದವರು ಇದನ್ನೇ ಮೂರು-ಎರಡು-ಒಂದು ಎಂಬ ಸೂತ್ರವಾಗಿ ಹೇಳುತ್ತಾರೆ. ಅಮೆರಿಕೆಯ ಛಾಯಾಗ್ರಾಹಕ ಪೀಟರ್ ಕ್ರೋಗ್ ತನ್ನ ಕಸುಬಿನವರಿಗಾಗಿ ಬರೆದ ಪುಸ್ತಕದಿಂದ ಇದು ಪ್ರಚಾರಕ್ಕೆ ಬಂದಿತು: ಪ್ರತಿಗಳು ಮೂರು, ಎರಡು ಬಗೆಯ ಮಾಧ್ಯಮಗಳಲ್ಲಿ, ಅವುಗಳಲ್ಲಿ ಒಂದು ಬೇರೆ ಊರಿನಲ್ಲಿ. ಬೇರೆ ಊರೆಂಬುದೇ ಇದರ ಸಾರ. ಗಣಕವೂ ಹೊರಗಿನ ಹಾರ್ಡ್‌ಡಿಸ್ಕೂ ಒಂದೇ ಮೇಜಿನ ಮೇಲೆ, ಒಂದೇ ವಿದ್ಯುತ್ ಫಲಕಕ್ಕೆ ಸಿಕ್ಕಿಸಿ ಇದ್ದರೆ ಮುಂಗಾರಿನ ಒಂದು ಸಿಡಿಲಿಗೆ ಎರಡೂ ಒಟ್ಟಿಗೆ ಆಹುತಿಯಾಗುತ್ತವೆ. ಕಡತಗಳನ್ನು ಬೀಗ ಹಾಕಿ ಹಣ ಕೇಳುವ ಸುಲಿಗೆಯ ವೈರಸ್ಸು ಹೊಕ್ಕಾಗ, ಗಣಕಕ್ಕೆ ಸದಾ ಜೋಡಿಸಿಟ್ಟ ಡಿಸ್ಕಿಗೂ ಅದೇ ಬೀಗ ಬೀಳುತ್ತದೆ. ಒಂದು ಡಿಸ್ಕನ್ನು ಹುಬ್ಬಳ್ಳಿಯಲ್ಲಿರುವ ಮಗಳ ಮನೆಯಲ್ಲಿಟ್ಟು, ಹಬ್ಬಕ್ಕೆ ಹೋದಾಗಲೆಲ್ಲ ಹೊಸದನ್ನು ಒಯ್ದು ಹಳೆಯದನ್ನು ತಂದು, ತಂದುದನ್ನು ತೆರೆದು ಎರಡು ಅಧ್ಯಾಯಗಳನ್ನಾದರೂ ಓದಿ ನೋಡುವ ಶಿಕ್ಷಕರು ಯಾವ ದೊಡ್ಡ ಸಂಸ್ಥೆಗೂ ಕಡಮೆಯಿಲ್ಲದ ವ್ಯವಸ್ಥೆಯನ್ನು ಮಾಡಿಕೊಂಡಂತೆಯೇ ಸರಿ.

ಪುಸ್ತಕವು ಅಚ್ಚಾದ ಮೇಲೆ ಈ ಹೊಣೆಯ ಒಂದು ಭಾಗವನ್ನು ಭಾರತ ಸರ್ಕಾರದ ಕಾನೂನೇ ವಹಿಸಿಕೊಳ್ಳುತ್ತದೆ. 1954ರ ಗ್ರಂಥ ಸಲ್ಲಿಕೆಯ ಅಧಿನಿಯಮದಂತೆ, ಪ್ರಕಟವಾದ ಮೂವತ್ತು ದಿನಗಳ ಒಳಗಾಗಿ ಪ್ರಕಾಶಕನು ಸ್ವಂತ ಖರ್ಚಿನಿಂದ ಒಂದೊಂದು ಪ್ರತಿಯನ್ನು ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ, ಚೆನ್ನೈ, ಮುಂಬಯಿ ಮತ್ತು ದೆಹಲಿಯ ಗೊತ್ತಾದ ಗ್ರಂಥಾಲಯಗಳಿಗೂ ಕಳುಹಿಸಿಕೊಡಬೇಕು. ನಾಲ್ಕು ದಿಕ್ಕಿನ ನಾಲ್ಕು ಊರುಗಳಲ್ಲಿ, ವಿದ್ಯುತ್ತಿನ ಹಂಗಿಲ್ಲದ ಕಾಗದದ ಮೇಲೆ, ಬಂಕಾಪುರದ ಕೋಟೆಯ ಕಥೆಯು ನೆಲೆಗೊಳ್ಳಲು ತಗಲುವುದು ಅಂಚೆಯ ವೆಚ್ಚ ಮಾತ್ರ. ಈ ಕಾನೂನನ್ನು ಮರೆತ ಪ್ರಕಾಶಕರು ನಮ್ಮಲ್ಲಿ ವಿರಳರೇನಲ್ಲವಾದುದರಿಂದ, ಶಿಕ್ಷಕರು ಆ ನಾಲ್ಕು ರಸೀದಿಗಳನ್ನು ತಾವೇ ಕೇಳಿ ಪಡೆದು ಇಟ್ಟುಕೊಳ್ಳುವುದು ಒಳ್ಳೆಯದು.